ದುಡ್ಡು ಅಮ್ಮಂದು, ಮುಖ ಮಗಳದ್ದು

ನಮಸ್ಕಾರ. ಇವತ್ತಿನ ಮಾತು ನನ್ನ ಕೆಲವು ಹಳೇ ಗಿರಾಕಿಗಳಿಗೆ ರುಚಿಸಲ್ಲ, ಗೊತ್ತು. ಸೀನಿಯರ್ ಪೋರ್ಟ್ರೇಟಿಗೆ ದುಡ್ಡು ಕೊಡೋರು ಅಪ್ಪ-ಅಮ್ಮ, ಸರಿ. ಆದ್ರೆ ಆ ಫೋಟೊದಲ್ಲಿ ಮುಖ ಹೇಗಿರಬೇಕು ಅನ್ನೋದರಲ್ಲಿ ಅವರ ಮಾತು ನಾನು ಕೇಳಲ್ಲ. ಅದರಲ್ಲೂ ಮೈಬಣ್ಣದ ವಿಷಯಕ್ಕೆ ಬಂದ್ರೆ ಖಂಡಿತ ಕೇಳಲ್ಲ.

ಊರಿಂದ ನೋಡ್ತಿರೋರಿಗೆ ಒಂದು ಮಾತು, ಇದು ಅಜ್ಜ-ಅಜ್ಜಿ ಫೋಟೊ ಅಲ್ಲ. ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳೇ ಸೀನಿಯರ್‌ಗಳು. ಇಯರ್‌ಬುಕ್ಕು ಅಂದ್ರೆ ಸ್ಕೂಲಿನ ಆ ವರ್ಷದ ನೆನಪಿನ ಪುಸ್ತಕ, ಅದಕ್ಕೆ ಬೇಕಾದ ಫೋಟೊನ ಸಾಮಾನ್ಯವಾಗಿ ಸ್ಕೂಲು ಗೊತ್ತುಮಾಡಿದ ಸ್ಟುಡಿಯೋನೇ ತೆಗೆಯುತ್ತೆ. ಬಹಳ ಕಡೆ ಹುಡುಗೀರಿಗೆ ಕಪ್ಪು ವೆಲ್ವೆಟ್ ಡ್ರೇಪು, ಹುಡುಗರಿಗೆ ಟಕ್ಸಿಡೊ. ಡ್ರೇಪು ಅಂದ್ರೆ ಭುಜದ ಕೆಳಗೆ ಸುತ್ತಿ ಹಿಂದೆ ಕ್ಲಿಪ್ ಹಾಕೋ ಬಟ್ಟೆ ಅಷ್ಟೆ, ಕೆಳಗೆ ಜೀನ್ಸೇ ಇರುತ್ತೆ! ಅದರಲ್ಲಿ ಎಲ್ಲರೂ ಒಂದೇ ಥರ ಕಾಣ್ತಾರೆ ಅಂತ ಮನೆಯವರು ನಮ್ಮಂಥವರನ್ನ ಕರೆಸಿ ಇನ್ನೊಂದು ಸುತ್ತು ತೆಗೆಸ್ತಾರೆ. ನಾಯಿ, ಪಿಟೀಲು, ಟೀಮ್ ಜಾಕೆಟ್ಟು. ನಮ್ಮವರಾದ್ರೆ ಗೆಜ್ಜೆ, ರೇಷ್ಮೆ ಸೀರೆ.

ಪದ್ಧತಿ ಹಳೇದು. 1860ರ ಆಸುಪಾಸಿನಲ್ಲಿ ಬಾಸ್ಟನ್ನಿನ ಜಾರ್ಜ್ ಕೆಂಡಾಲ್ ವಾರನ್ ಅನ್ನೋ ಫೋಟೊಗ್ರಾಫರ್ ಕಾಲೇಜು ಹುಡುಗರ ಭಾವಚಿತ್ರ ತೆಗೆದು ಮಾರ್ತಿದ್ದ. ಹುಡುಗರು ಒಬ್ಬರದನ್ನ ಒಬ್ಬರು ತಗೊಂಡು ಆಲ್ಬಮ್ ಮಾಡ್ಕೊಳ್ತಿದ್ರು.

ಹಳೇ ಗಿರಾಕಿ ಅಂದ್ರೆ ಕೆಲಸ ಸಲೀಸು ಅಂತಾರೆ. ನನಗೆ ಉಲ್ಟಾ. ಇಲ್ಲಿ ನ್ಯೂಜೆರ್ಸಿಯಲ್ಲಿ ಒಂದು ಮನೆ ಇದೆ. ಮಗಳ ನಾಮಕರಣ, ಮೊದಲ ಹುಟ್ಟುಹಬ್ಬ, ಆಮೇಲೆ ರಂಗಪ್ರವೇಶ, ಎಲ್ಲ ನನ್ನ ಕ್ಯಾಮೆರಾದಲ್ಲೇ. ಈಗ ಅವಳು ಸೀನಿಯರ್. ಸಾಮರ್‌ಸೆಟ್ಟಿನ ಕಲೋನಿಯಲ್ ಪಾರ್ಕಿನಲ್ಲಿ ಸೆಷನ್ನು. ಅಮ್ಮ ನನ್ನ ಬೆನ್ನ ಹಿಂದೆ ನಿಂತು "ಗಲ್ಲ ಎತ್ತು, ಹಲ್ಲು ಕಾಣಲಿ" ಅಂತಿದ್ದಾರೆ. ಹುಡುಗಿ ಐದು ವರ್ಷದ ಮಗು ನಗೋ ಹಾಗೆ ನಗ್ತಿದ್ದಾಳೆ. ಆ ನಗು ನನಗೂ ಚೆನ್ನಾಗಿ ಗೊತ್ತು, ಅಭ್ಯಾಸಬಲದಿಂದ ನಾನೂ ಅದಕ್ಕೇ ಕಾಯೋದು. ಹಳೇ ಪರಿಚಯದ ಕಷ್ಟ ಇದೇ ನೋಡಿ: ಎದುರಿಗೆ ನಿಂತವಳನ್ನ ಬಿಟ್ಟು ನೆನಪಲ್ಲಿರೋ ಮಗುವಿನ ಫೋಟೊ ತೆಗೀತೀವಿ. ಅಮ್ಮನಿಗೆ "ನೀವು ಹಾಗೇ ಗುಲಾಬಿ ತೋಟ ನೋಡ್ಕೊಂಡು ಬನ್ನಿ" ಅಂದೆ. ಅವರು ಆ ಕಡೆ ಹೋಗಿದ್ದೇ ತಡ, ಹುಡುಗಿ ಭುಜ ಇಳಿಬಿಟ್ಟಳು, ಬಾಯಿ ಮುಚ್ಚಿದಳು, ನೇರ ಲೆನ್ಸ್ ನೋಡಿದಳು. ನಗು ಇಲ್ಲ. ಇಡೀ ಸಂಜೆಯ ಒಳ್ಳೇ ಫೋಟೊ ಅದೇ.

ಪ್ರೂಫ್, ಅಂದ್ರೆ ಆರಿಸೋಕೆ ಕೊಡೋ ಫೋಟೊ, ಕಳಿಸಿದ್ಮೇಲೆ ಅಮ್ಮನ ವಾಟ್ಸಾಪು ಬಂತು. "ತುಂಬ ಚೆನ್ನಾಗಿದೆ. ಸ್ವಲ್ಪ ಬ್ರೈಟ್ ಮಾಡಿಕೊಡಿ, ಊರಿಗೆ ಕಳಿಸ್ಬೇಕು." ಈ ಬ್ರೈಟ್ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಫೋಟೊ ತಿದ್ದೋ ಸಾಫ್ಟ್‌ವೇರು ಲೈಟ್‌ರೂಮಿನಲ್ಲಿ ಇದು ಕ್ಷಣದ ಕೆಲಸ. ಆರೆಂಜ್ ಬಣ್ಣದ ಲ್ಯುಮಿನನ್ಸ್, ಅಂದ್ರೆ ಹೊಳಪು, ಬದಲಿಸೋ ಒಂದು ಗೆರೆ ಇದೆ, ಅದನ್ನ ಬಲಕ್ಕೆ ಎಳೆದ್ರೆ ನಮ್ಮ ಕಂದು ಚರ್ಮ ಬೆಳ್ಳಗಾಗುತ್ತೆ. ಅವಳು ಮುಡಿದಿದ್ದು ಬಟ್ಟೆ ಕನಕಾಂಬರ. ಅದೂ ಜೊತೆಗೇ ಬಾಡಿದ ಹಾಗೆ ಬಿಳುಚಿಕೊಳ್ಳುತ್ತೆ. ಚಿನ್ನದ ಬಳೆ ಪೇಲವ. ಕೆನ್ನೆ ಮೇಲಿದ್ದ ಸಂಜೆ ಬಿಸಿಲು ಮಾಯ. ಹೂವು, ಬಳೆ ಬಿಟ್ಟು ಮುಖ ಒಂದನ್ನೇ ಆರಿಸಿ (ಇದಕ್ಕೆ ಮಾಸ್ಕ್ ಅಂತಾರೆ) ಬೆಳ್ಳಗೆ ಮಾಡಬಹುದು. ಮಾಡಿದ್ರೆ ಮುಖ ಒಂದು ಊರು, ಕತ್ತು ಇನ್ನೊಂದು ಊರು.

ಈ ಕೆಲಸಕ್ಕೆ ದೊಡ್ಡ ಇತಿಹಾಸಾನೇ ಇದೆ. ಕೊಡಾಕ್ ಕಂಪನಿ ಕಲರ್ ಪ್ರಿಂಟು ಹೊಂದಿಸೋಕೆ ಲ್ಯಾಬುಗಳಿಗೆ 'ಶರ್ಲಿ ಕಾರ್ಡ್' ಕೊಡ್ತಿತ್ತು. 1950ರ ದಶಕದಿಂದ ದಶಕಗಳ ಕಾಲ ಆ ಕಾರ್ಡಿನಲ್ಲಿದ್ದಿದ್ದು ಬಿಳಿ ಹೆಂಗಸಿನ ಚಿತ್ರ. ಅವಳ ಚರ್ಮ ಸರಿಯಾಗಿ ಬಂದ್ರೆ ಪ್ರಿಂಟು ಸರಿ. ಬಿಳಿ ಮಕ್ಕಳ ಪಕ್ಕ ಕೂತ ಕಪ್ಪು ಮಗು ಸ್ಕೂಲ್ ಫೋಟೊದಲ್ಲಿ ಬರೀ ಕಣ್ಣು, ಹಲ್ಲು. ಫಿಲ್ಮ್ ಸುಧಾರಿಸಿದ್ದಕ್ಕೆ ಒಂದು ಕಾರಣ ಏನು ಗೊತ್ತಾ? ಮರದ ಪೀಠೋಪಕರಣ ಮಾಡೋರು, ಚಾಕೊಲೇಟ್ ಕಂಪನಿಯವರು ನಮ್ಮ ಮಾಲಿನ ಕಂದು ಬಣ್ಣ ಸರಿಯಾಗಿ ಬರ್ತಿಲ್ಲ ಅಂತ ದೂರಿದ್ದು! 1995ರ ಹೊತ್ತಿಗೆ ಬೇರೆಬೇರೆ ಮೈಬಣ್ಣದವರಿರೋ ಕಾರ್ಡು ಬಂತು. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನ ಜೊತೆ, ಎಲ್ಲ ಮೈಬಣ್ಣವೂ ಸರಿಯಾಗಿ ಬರಲಿ ಅಂತ, ರಿಯಲ್ ಟೋನ್ ಅನ್ನೋದನ್ನ ತಂತು. ಯಂತ್ರ ಇಷ್ಟು ದೂರ ಬಂದಿರೋವಾಗ ನಾನು ಕೂತು ಮಗುವಿನ ಬಣ್ಣ ತೊಳೀಬೇಕಾ?

ಕಪ್ಪಗೆ ಬಂದಿದೆ ಅಂತ ಹೇಳೋರಲ್ಲಿ ಕೆಲವರು ನಿಜಾನೇ ಹೇಳ್ತಿರ್ತಾರೆ, ಅದನ್ನ ತಳ್ಳಿಹಾಕಲ್ಲ. ಹುಲ್ಲಿನ ಮೇಲೆ ಕೂರಿಸಿದ್ರೆ ಗದ್ದದ ಕೆಳಗೆ ಹಸಿರು ಛಾಯೆ ಹೊಡೆಯುತ್ತೆ. ಹಿಂದಿನ ಆಕಾಶ ನೋಡಿ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡೋ ಬೆಳಕು) ಇಟ್ರೆ ಮುಖ ಮಸಿ ಆಗುತ್ತೆ. ಅದು ಫೋಟೊಗ್ರಾಫರ್ ತಪ್ಪು, ಮಗುವಿನ ಬಣ್ಣದ ತಪ್ಪಲ್ಲ. ಬಿಳಿ ರಿಫ್ಲೆಕ್ಟರ್ ಹಿಡಿದು, ಚರ್ಮದ ಮೇಲಿನ ಬೆಳಕು ಅಳೆದು ತೆಗೆದ್ರೆ ಕಂದು ಬಣ್ಣದಷ್ಟು ಚೆಂದ ಬೆಳಕು ಹಿಡಿಯೋದು ಇನ್ನೊಂದಿಲ್ಲ.

ಹುಡುಗಿಗೆ ವಿಷಯ ಗೊತ್ತಾಯ್ತು. ಅವಳದೇ ಮೆಸೇಜು: "ಅಂಕಲ್, ಅಮ್ಮ ಕೇಳಿದ್ರೆ ಸಾಫ್ಟ್‌ವೇರಲ್ಲಿ ಆಗಲ್ಲ ಅಂದ್ಬಿಡಿ." ಜಾಣೆ! ನಾನು ಸುಳ್ಳು ಹೇಳಲಿಲ್ಲ, ಮಾಡಲ್ಲ ಅಂತಾನೇ ಅಂದೆ. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ನಗದೇ ಇರೋ ಆ ಫೋಟೊ ಹುಡುಗಿಯ ರೂಮಲ್ಲಿದೆಯಂತೆ, ಮನೆಯ ಹಾಲ್‌ನಲ್ಲಿ ಹಲ್ಲು ಕಾಣೋ ಫೋಟೊ.

ಮಗುವೇ ಬೆಳ್ಳಗೆ ಮಾಡಿ ಅಂದ್ರೆ? ಹಾಗಂದ ಮಕ್ಕಳೂ ಇದ್ದಾರೆ. ಮೊದಲು ಸರಿಯಾದ ಬೆಳಕಿನ ಫೋಟೊ ತೋರಿಸ್ತೀನಿ, ಸುಮಾರು ಜನ ಅಲ್ಲಿಗೇ ಸುಮ್ಮನಾಗ್ತಾರೆ. ಆಗದೋರಿಗೂ ಮಾಡಿಕೊಡಲ್ಲ. ಮುಖ ಅವಳದ್ದು ಅಂತ ನೀನೇ ಅಂದ್ಯಲ್ಲ ಅಂತ ಕೇಳಬಹುದು. ಕೇಳಿ. ಮೊಡವೆ ತೆಗೀತೀನಿ, ಅದು ಮುಂದಿನ ತಿಂಗಳು ಇರಲ್ಲ. ಬಣ್ಣ ಇರುತ್ತೆ.

ಈ ಸಲದಿಂದ ಗ್ಯಾಲರಿ ಲಿಂಕು ಮೊದಲು ಸೀನಿಯರ್ ಫೋನಿಗೆ, ಅವರು ಆರಿಸಿದ ಮೇಲೆ ಅಪ್ಪ-ಅಮ್ಮನಿಗೆ. ಬುಕಿಂಗ್ ಫಾರಮ್ಮಿನಲ್ಲೇ ಬರೆದಿದೆ, ಒಪ್ಪದೋರಿಗೆ ಅಡ್ವಾನ್ಸ್ ವಾಪಸ್. ಆಗಸ್ಟಿಗೆ ಬರೋರು ಸ್ಕೂಲಿನ ಇಯರ್‌ಬುಕ್ ಗಡುವು ಯಾವಾಗ ಅಂತ ಕೇಳಿಕೊಂಡು ಬನ್ನಿ.