ಶಾಲೆಗಾಗಿ ನಿಂತ ಶಾಸಕ ರಾಬರ್ಟ್ ಸ್ಮಾಲ್ಸ್

ಆತ್ಮೀಯ ಕೇಳುಗರಿಗೆ ನಮಸ್ಕಾರ. ಅಮೆರಿಕದ ಅಂತರ್ಯುದ್ಧದ ಯೋಧ ರಾಬರ್ಟ್ ಸ್ಮಾಲ್ಸ್ ಅವರ ಹೆಸರು ಬಂದಾಗಲೆಲ್ಲ ಜನ ಒಂದು ಹಡಗಿನ ಕಥೆಯನ್ನು ಹೇಳಿ ಸುಮ್ಮನಾಗುತ್ತಾರೆ. ಅವರು ಶಾಸಕರಾಗಿ ಎಲ್ಲರ ಮಕ್ಕಳಿಗೂ ಶಾಲೆ ಬೇಕೆಂದು ಹಟ ಹಿಡಿದವರು ಎಂಬುದೇ ಮರೆತುಹೋಗುತ್ತದೆ. ನಾನು ಹೇಳಬಂದಿರುವುದು ಅದನ್ನು. ಆದರೂ ಹಡಗಿನ ಪ್ರಸಂಗವನ್ನು ಬಿಟ್ಟು ಮುಂದೆ ಸಾಗಲು ನನಗೂ ಮನಸ್ಸು ಬಾರದು.

ಸ್ಮಾಲ್ಸ್ ಹುಟ್ಟಿದ್ದು 1839ರಲ್ಲಿ, ದಕ್ಷಿಣ ಕೆರೊಲಿನಾ ರಾಜ್ಯದ ಬ್ಯೂಫರ್ಟ್ ಊರಿನಲ್ಲಿ, ಗುಲಾಮಳಾಗಿದ್ದ ತಾಯಿಯ ಹೊಟ್ಟೆಯಲ್ಲಿ. ಗುಲಾಮರಿಗೆ ಅಕ್ಷರ ಕಲಿಸುವುದು ಆ ರಾಜ್ಯದಲ್ಲಿ ಅಪರಾಧವಾಗಿತ್ತು. ಇದನ್ನು ದಯವಿಟ್ಟು ನೆನಪಿಡಿ. ಬಾಲ್ಯದಲ್ಲೇ ಅವರನ್ನು ಚಾರ್ಲ್‌ಸ್ಟನ್ ಬಂದರಿಗೆ ದುಡಿಯಲು ಕಳುಹಿಸಲಾಯಿತು. ಅಲ್ಲಿನ ನೀರಿನ ಆಳ, ಮರಳದಿಬ್ಬ, ಕಾಲುವೆಗಳು ಅವರಿಗೆ ಕಣ್ಣಳತೆಯಲ್ಲೇ ಕರಗತವಾದವು. ಯುದ್ಧ ಬಂದಾಗ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡುತ್ತಿದ್ದ ದಕ್ಷಿಣದ ಸೈನ್ಯದ 'ಪ್ಲಾಂಟರ್' ಎಂಬ ಉಗಿಹಡಗಿನ ಚುಕ್ಕಾಣಿ ಅವರ ಕೈಗೇ ಬಂತು.

1862ರ ಮೇ 13ರ ನಸುಕು. ಹಡಗಿನ ಮೂವರು ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಲು ಹೋಗಿದ್ದರು. ಸ್ಮಾಲ್ಸ್ ಮತ್ತು ಸಂಗಡಿಗರು ಉಗಿಯಂತ್ರದ ಬೆಂಕಿ ಹೊತ್ತಿಸಿ ಹಡಗನ್ನು ಹೊರಡಿಸಿದರು. ಇನ್ನೊಂದು ಧಕ್ಕೆಯಲ್ಲಿ ಅವಿತು ಕಾಯುತ್ತಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು. ಸಿಕ್ಕಿಬಿದ್ದರೆ ಜೀವಂತ ಕೈಸೇರಬಾರದೆಂದು ಮೊದಲೇ ನಿಶ್ಚಯಿಸಿದ್ದರು. ಕಪ್ತಾನನ ಹುಲ್ಲಿನ ಟೋಪಿಯನ್ನು ತಲೆಗೇರಿಸಿ, ಅವನ ನಿಲುವನ್ನೇ ಅನುಕರಿಸುತ್ತ, ಒಂದೊಂದು ಕೋಟೆಯ ಮುಂದೆಯೂ ಸರಿಯಾದ ಸಂಕೇತದ ಸಿಳ್ಳೆ ಊದಿಸುತ್ತ ಸ್ಮಾಲ್ಸ್ ಮುನ್ನಡೆದರು. ಬೆಳಕು ಹರಿಯುವ ಹೊತ್ತಿಗೆ ಸಮ್ಟರ್ ಕೋಟೆಯ ಫಿರಂಗಿಗಳ ಎದುರಿನಲ್ಲೇ ದಾಟಿದರು. ಕಾವಲುಗಾರರಿಗೆ ಸಂಶಯ ಬರಲಿಲ್ಲ. ಫಿರಂಗಿ ತಲುಪದಷ್ಟು ದೂರ ಹೋದ ಮೇಲೆ ದಕ್ಷಿಣದ ಬಾವುಟವನ್ನಿಳಿಸಿ, ಹೆಂಡತಿ ಹ್ಯಾನಾ ತಂದಿದ್ದ ಬಿಳಿಯ ಹಾಸುಬಟ್ಟೆಯನ್ನು ಏರಿಸಿದರು. ದಕ್ಷಿಣದ ವಿರುದ್ಧ ಹೋರಾಡುತ್ತಿದ್ದ ಉತ್ತರದ ನೌಕೆ 'ಆನ್ವರ್ಡ್' ಗುಂಡು ಹಾರಿಸಲು ಸಜ್ಜಾಗಿತ್ತು, ಶರಣಾಗತಿಯ ಆ ಬಟ್ಟೆಯನ್ನು ಕಂಡು ಸುಮ್ಮನಾಯಿತು. ಹದಿನಾರು ಜನ ಬಿಡುಗಡೆ ಪಡೆದರು. ಆಗ ಸ್ಮಾಲ್ಸ್ ಅವರಿಗೆ ಇಪ್ಪತ್ತಮೂರು ವರ್ಷ.

ಮುಂದೆ ಅವರು ಅದೇ ಹಡಗಿನ ಕಪ್ತಾನರಾಗಿ ಉತ್ತರದ ಪರ ಹೋರಾಡಿದರು. 1864ರಲ್ಲಿ ಹಡಗು ದುರಸ್ತಿಗೆಂದು ಫಿಲಡೆಲ್ಫಿಯಾದಲ್ಲಿ ನಿಂತಾಗ, ಶಿಕ್ಷಕರನ್ನಿಟ್ಟುಕೊಂಡು ಓದು ಬರಹ ಕಲಿತರು. ನನ್ನ ಮಟ್ಟಿಗೆ ಹಡಗಿನ ಸಾಹಸಕ್ಕಿಂತ ಇದೇ ದೊಡ್ಡದು.

ಸಮಯ ಕಡಿಮೆಯಿದೆ, ಮುಖ್ಯ ಮಾತಿಗೆ ಬರುತ್ತೇನೆ. 1868ರ ರಾಜ್ಯ ಸಂವಿಧಾನ ಸಭೆಯಲ್ಲಿ ಅವರು ಬಿಳಿಯರು ಕರಿಯರೆನ್ನದೆ ಎಲ್ಲ ಮಕ್ಕಳಿಗೂ ತೆರೆದ, ಶುಲ್ಕವಿಲ್ಲದ, ಕಡ್ಡಾಯವಾದ ಶಾಲೆ ಬೇಕೆಂದು ಒತ್ತಾಯಿಸಿದರು. ಅದೇ ವರ್ಷ ರಾಜ್ಯದ ಕೆಳಮನೆಗೆ, 1870ರಲ್ಲಿ ಮೇಲ್ಮನೆಗೆ, ಆಮೇಲೆ ವಾಷಿಂಗ್ಟನ್ನಿನ ಸಂಸತ್ತಿಗೂ ಆಯ್ಕೆಯಾದರು. 1895ರಲ್ಲಿ ಓದಲು ಬಾರದವರ ಮತವನ್ನು ಕಸಿದುಕೊಳ್ಳುವ ಹೊಸ ಸಂವಿಧಾನ ಅವರ ರಾಜ್ಯಕ್ಕೆ ಬಂತು. ಯಾರಿಗೆ ಅಕ್ಷರವನ್ನು ನಿಷೇಧಿಸಿದ್ದರೋ ಅವರನ್ನೇ ಅಕ್ಷರ ಬಾರದೆಂದು ಹೊರಗಿಡುವ ಅನ್ಯಾಯವದು. ಅದನ್ನು ರಚಿಸಿದ ಸಭೆಯಲ್ಲಿದ್ದ ಆರು ಮಂದಿ ಕರಿಯ ಸದಸ್ಯರಲ್ಲಿ ಒಬ್ಬರಾಗಿದ್ದ ಸ್ಮಾಲ್ಸ್ ಎದ್ದು ನಿಂತು ವಿರೋಧಿಸಿದರು, ಕೊನೆಗೂ ಅದಕ್ಕೆ ಸಹಿ ಹಾಕಲಿಲ್ಲ. ನಮಸ್ಕಾರ.