ಎಲ್ಲಿಗೆ ಬಿಟ್ಟಿದ್ವಿ?

ನಮಸ್ಕಾರ. ವಾರ್ಡಲ್ಲಿ ಡ್ಯೂಟಿ ಮಾಡೋ ಸಿಸ್ಟರ್‌ಗಳು, ಮೆಡಿಕಲ್ ಶಾಪ್‌ನೋರು, ಬ್ಯಾಂಕ್ ಕೌಂಟರ್‌ನೋರು, ಇವತ್ತು ನಿಮ್ಮ ಜೊತೆನೇ ಮಾತು. ಕೆಲ್ಸ ಅರ್ಧ ಆಗಿರತ್ತೆ, ಫೋನ್ ಬರತ್ತೆ, ಇಲ್ಲಾ ಯಾರೋ ಕರೀತಾರೆ, ಹೋಗಿ ಬಂದ್ರೆ ಎಲ್ಲಿಗೆ ಬಿಟ್ಟಿದ್ವಿ ಅನ್ನೋದೇ ಮರ್ತೋಗಿರತ್ತೆ. ಕಂಪ್ಯೂಟರ್ ಇದಕ್ಕೆ ಸಹಾಯ ಮಾಡತ್ತಾ? ಮಾಡತ್ತೆ, ಆದ್ರೆ ಎಲ್ಲಿಗೆ ಬಿಟ್ಟಿದ್ವಿ ಅಂತ ತೋರ್ಸಿದ್ರೆ ಮಾತ್ರ. ನಾನು ಹೇಳೋದು ಇವತ್ತು ಇಷ್ಟೇ.

2008ರ ಆಗಸ್ಟ್ 20, ಸ್ಪೇನ್ ದೇಶದ ಮ್ಯಾಡ್ರಿಡ್. ಸ್ಪಾನೇರ್ ಕಂಪನಿಯ ವಿಮಾನ, ಎಂಡಿ-82 ಅನ್ನೋ ಮಾಡೆಲ್ಲು, ಒಳಗೆ 172 ಜನ. ರನ್‌ವೇ ತನಕ ಹೋಗಿತ್ತು, ಹೊರಗಿನ ಗಾಳಿಯ ಉಷ್ಣಾಂಶ ಅಳೆಯೋ ಸೆನ್ಸರ್ ವಿಪರೀತ ಬಿಸಿ ಆಗ್ತಿದೆ ಅಂತ ವಾಪಸ್ ತಂದ್ರು, ಮೆಕ್ಯಾನಿಕ್ ಬಂದು ಅದರ ಹೀಟರ್‌ಗೆ ಕರೆಂಟ್ ತೆಗೆದ್ರು, ಅಷ್ಟೊತ್ತಿಗೆ ಸಿಕ್ಕಾಪಟ್ಟೆ ಲೇಟು. ಮತ್ತೆ ಇಂಜಿನ್ ಸ್ಟಾರ್ಟ್, ಮತ್ತೆ ಚೆಕ್‌ಲಿಸ್ಟ್. ಅದರಲ್ಲಿ ಫ್ಲಾಪ್, ಅಂದ್ರೆ ರೆಕ್ಕೆ ಹಿಂದೆ ಇಳಿಸೋ ಪಟ್ಟಿ, ನೋಡೋದು ಇನ್ನೂ ಬಾಕಿ ಇತ್ತು, ಅಷ್ಟರಲ್ಲಿ ಕ್ಯಾಪ್ಟನ್ನು ಹೊರಡೋಕೆ ಪರ್ಮಿಶನ್ ಕೇಳು ಅಂದ್ರು, ಕೋ-ಪೈಲಟ್ ಕೇಳಿದ್ರು, ಆ ಐಟಮ್ ಅಲ್ಲೇ ಉಳೀತು. ಆ ಫ್ಲಾಪ್ ಇಳಿಸ್ದೆ ಅಂಥ ವಿಮಾನ ಸರಿಯಾಗಿ ಮೇಲೇಳಲ್ಲ ಕಣ್ರೀ. ಕೊನೇ ಚೆಕ್‌ನಲ್ಲಿ ಕೋ-ಪೈಲಟ್ ಫ್ಲಾಪ್ ಹನ್ನೊಂದು ಡಿಗ್ರಿಯಲ್ಲಿದೆ ಅನ್ನೋ ಲೆಕ್ಕದಲ್ಲಿ ಹನ್ನೊಂದು ಅಂತ ಓದಿದ್ದೂ ರೆಕಾರ್ಡ್ ಆಗಿದೆ, ಫ್ಲಾಪ್ ಮಾತ್ರ ಸೊನ್ನೆಯಲ್ಲಿತ್ತು! ಬಾಯಿ ರೂಢಿ ಪ್ರಕಾರ ಹೇಳ್ತು. ತಪ್ಪಾಗಿದ್ರೆ ಕೂಗ್ಬೇಕಿದ್ದ ಅಲಾರಂ ಕೂಗ್ಲಿಲ್ಲ. ವಿಮಾನ ಬಿತ್ತು, 154 ಜನ ಹೋದ್ರು.

ಬೇಜಾರಿನ ವಿಷ್ಯ ಅಂದ್ರೆ 1987ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲೂ ಇದೇ ಮಾಡೆಲ್ಲು, ಇದೇ ಫ್ಲಾಪು, ಇದೇ ಮೂಕ ಅಲಾರಂ, 156 ಸಾವು. ಪೈಲಟ್ ಬೇಜವಾಬ್ದಾರಿ ಅಂತ ಬೈದು ಸುಮ್ನಾಗೋರನ್ನ ಕಂಡ್ರೆ ನಂಗೆ ರೇಗತ್ತೆ. ಅವರ ಕೈಯಲ್ಲಿದ್ದ ಲಿಸ್ಟು ಏನು ಮಾಡ್ಬೇಕು ಅಂತ ಹೇಳ್ತಿತ್ತು, ಎಲ್ಲಿಗೆ ಬಿಟ್ಟಿದ್ರಿ ಅಂತ ಹೇಳ್ತಿರ್ಲಿಲ್ಲ.

1995ರಿಂದ ಹಾರ್ತಿರೋ ಬೋಯಿಂಗ್ 777ರಲ್ಲಿ ಚೆಕ್‌ಲಿಸ್ಟು ಸ್ಕ್ರೀನ್ ಮೇಲಿದೆ. ಮುಗಿದಿದ್ದು ಹಸಿರಾಗತ್ತೆ, ಬಿಟ್ಟಿದ್ದು ಬಿಳಿಯಾಗೇ ಉಳಿಯತ್ತೆ, ಎಷ್ಟೋ ಐಟಮ್‌ಗಳನ್ನ ಸೆನ್ಸರೇ ನೋಡಿ ಟಿಕ್ ಮಾಡತ್ತೆ. ಮಧ್ಯ ಯಾರು ಬಾಯಿ ಹಾಕಿದ್ರೂ ತಿರುಗಿ ನೋಡಿದ್ರೆ ಜಾಗ ಸಿಗತ್ತೆ.

ಸಿಸ್ಟರ್‌ಗಳ ವಿಷ್ಯಕ್ಕೆ ಟೈಮ್ ಸಾಲ್ತಿಲ್ಲ, ಬೇಗ ಹೇಳ್ಬಿಡ್ತೀನಿ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳು ಔಷಧಿ ಕೊಡೋದನ್ನ ಗಮನಿಸಿ 2010ರಲ್ಲಿ ವರದಿ ಬಂತು, ಒಂದೊಂದು ಅಡಚಣೆಗೂ ಔಷಧಿ ತಪ್ಪು 12.7 ಪರ್ಸೆಂಟ್ ಜಾಸ್ತಿ. ಅದಕ್ಕೇ, ಯಾರಾದ್ರೂ ಕರೆದ್ರೆ ತಕ್ಷಣ ತಿರುಗ್ಬೇಡಿ, ಎರಡು ಸೆಕೆಂಡ್ ತಗೊಂಡು ಚಾರ್ಟ್‌ನಲ್ಲಿ ಒಂದು ಗೀಟು ಎಳೀರಿ, ಆಮೇಲೆ ಹೂಂ ಅನ್ನಿ. ಡಾಕ್ಟ್ರಾದ್ರೂ ಕಾಯ್ಲಿ, ಎರಡೇ ಸೆಕೆಂಡು.

ಇನ್ನು ಆಸ್ಪತ್ರೆಗೆ, ಆಫೀಸಿಗೆ ಸಾಫ್ಟ್‌ವೇರ್ ಕೊಳ್ಳೋರು. ಮಾರೋಕೆ ಬಂದೋನು ಗ್ರಾಫು, ಬಣ್ಣ, ಪಿಣಿಪಿಣಿ ಅನ್ನೋ ನೋಟಿಫಿಕೇಶನ್ನು ಎಲ್ಲಾ ತೋರಿಸ್ತಾನೆ. ನೋಡಿ, ಬೇಡ ಅನ್ನಲ್ಲ. ಡೆಮೋ ಅರ್ಧ ಆದಾಗ ಅವನನ್ನ ನಿಲ್ಲಿಸಿ, ಕಾಫಿ ಕುಡ್ಕೊಂಡು ಬನ್ನಿ ಅಂತ ಕಳ್ಸಿ. ಬಂದ್ಮೇಲೆ ಆ ಸ್ಕ್ರೀನ್ ನೋಡಿ ಎಲ್ಲಿಗೆ ಬಿಟ್ಟಿದ್ದೆ ಅಂತ ಅವನಿಗೇ ಗೊತ್ತಾಗ್ದಿದ್ರೆ, ಕೊಳ್ಬೇಡಿ.