ಪ್ರಿಂಟರ್ ಒಮ್ಮೆ ನೋಡಿಕೊಡ್ತೀರಾ?

ಎಲ್ಲರಿಗೂ ನಮಸ್ಕಾರ.

ವೇದಿಕೆ ಹತ್ತುವ ಮೊದಲೇ ಇಬ್ಬರು ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದರು. ಒಬ್ಬರದ್ದು ಪ್ರಿಂಟರ್, ಇನ್ನೊಬ್ಬರದ್ದು ವೆಬ್‌ಕ್ಯಾಮ್. "ಭಾಷಣ ಮುಗಿದ ಮೇಲೆ ಒಮ್ಮೆ ನೋಡಿಕೊಡ್ತೀರಾ?" ಅಂದರು. ನೋಡಿಕೊಡ್ತೇನೆ. ಈ ಮುಂಬಯಿಯಲ್ಲಿ ಮೂವತ್ತು ವರ್ಷದಿಂದ ನನಗೆ ಅನ್ನ ಹಾಕಿದ್ದು ಇದೇ ಮಾತು. ಮದುವೆ ಊಟಕ್ಕೆ ಕೂತರೂ ಅಷ್ಟೇ, ಪಾಯಸ ಬರುವಷ್ಟರಲ್ಲಿ ಪಕ್ಕದವರು ಪ್ರಿಂಟರ್ ವಿಷಯ ತೆಗೆದಿರುತ್ತಾರೆ.

ಹಾಗಾಗಿ ಇವತ್ತು ಅದನ್ನೇ ಮಾತಾಡೋಣ ಅಂದುಕೊಂಡೆ. ಪ್ರಿಂಟರ್, ಸ್ಕ್ಯಾನರ್, ಮೌಸ್, ಕ್ಯಾಮೆರಾ, ಹೋಟೆಲ್ಲಿನ ಬಿಲ್ ಮಷೀನು, ಹೀಗೆ ಕಂಪ್ಯೂಟರ್‌ಗೆ ಹೊರಗಿನಿಂದ ಜೋಡಿಸುವ ಸಾಮಾನುಗಳಿವೆಯಲ್ಲ, ಅವನ್ನು ಕೂರಿಸೋಕೆ ನನ್ನಂಥವನು ಯಾಕೆ ಬೇಕು? ಮನೆಗೆ ಮಿಕ್ಸಿ ತಂದರೆ ಯಾರನ್ನೂ ಕರೆಯೋದಿಲ್ಲ. ಪ್ಲಗ್ ಹಾಕ್ತೀರಿ, ಚಟ್ನಿ ರುಬ್ಬುತ್ತೀರಿ.

ಚೀಲದಲ್ಲಿ ಒಂದೆರಡು ಹಳೇ ಸಾಮಾನು ತಂದಿದ್ದೇನೆ. ಇದು ನೋಡಿ. ಹಿಂದೆ ಕೂತವರಿಗೆ ಕಾಣೋದಿಲ್ಲ, ಒಂದು ತೊಗರಿ ಕಾಳಿನಷ್ಟಿದೆ. ಇದರ ಹೆಸರು ಜಂಪರ್. ಹೊರಗೆ ಪ್ಲಾಸ್ಟಿಕ್, ಒಳಗೆ ಚೂರು ಲೋಹ. ಕಂಪ್ಯೂಟರ್ ಒಳಗೆ ಕೂರಿಸುವ ಕಾರ್ಡಿನ ಮೇಲೆ ಪಕ್ಕಪಕ್ಕ ನಿಂತ ಎರಡು ಪಿನ್ನಿಗೆ ಟೋಪಿಯ ಹಾಗೆ ಹಾಕಬೇಕು. ಯಾವ ಎರಡಕ್ಕೆ ಹಾಕ್ತೀರಿ ಅನ್ನೋದರ ಮೇಲೆ ಕಾರ್ಡು ಕೆಲಸ ಮಾಡ್ತದೋ ಇಲ್ಲವೋ ನಿಂತಿತ್ತು. 1993ರಲ್ಲಿ ನಾನು ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಗೆ ಸೇರಿದಾಗ ಸೇಠು ಕಲಿಸಿದ ಮೊದಲ ಪಾಠ, ಜಂಪರ್ ಕೆಳಗೆ ಬೀಳಿಸಬೇಡ ಅಂತ. ಬಿದ್ದರೆ ಸಿಗುತ್ತಿರಲಿಲ್ಲ.

1995ರ ಆಗಸ್ಟ್ 15ಕ್ಕೆ ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್‌ನೆಟ್ ಕೊಡೋಕೆ ಶುರು ಮಾಡಿತು. ಅಲ್ಲಿಂದ ಎಲ್ಲರಿಗೂ ಮೋಡೆಮ್, ಅಂದರೆ ಫೋನ್ ಲೈನಿನಿಂದ ಇಂಟರ್‌ನೆಟ್ ತರುವ ಸಾಮಾನು, ಬೇಕಾಯಿತು. ಒಂದೆರಡು ವರ್ಷದ ಮೇಲೆ ಮುಲುಂಡ್‌ನಿಂದ ಒಬ್ಬ ಮೇಷ್ಟ್ರು ಫೋನ್ ಮಾಡಿದರು. ರಿಟೈರ್ ಆದವರು, ಮಗ ಅಮೆರಿಕಾದಲ್ಲಿ. "ನಾನು ಮೌಸ್ ಮುಟ್ಟಿದ ಕೂಡಲೇ ಇಂಟರ್‌ನೆಟ್ ಸತ್ತುಹೋಗ್ತದೆ" ಅಂದರು. ನನಗೆ ಒಳಗೊಳಗೇ ನಗು. ವಯಸ್ಸಾಗಿದೆ, ಏನೋ ಭ್ರಮೆ ಅಂದುಕೊಂಡೆ. ಹೋಗಿ ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜ. ಮೌಸ್ ಅಲುಗಿಸಿದೆ, ಲೈನು ಹೋಯಿತು.

ಕಾರಣ ಹೇಳ್ತೇನೆ. ಹೊರಗಿನ ಸಾಮಾನಿಗೆ ಕಂಪ್ಯೂಟರ್‌ನ ಗಮನ ಬೇಕಾದಾಗ ಅದು ಒಂದು ಗಂಟೆ ಬಾರಿಸಬೇಕು. ಮೊದಲ ಪಿ.ಸಿ.ಗಳಲ್ಲಿ ಇಂಥ ಗಂಟೆ ಇದ್ದದ್ದು ಎಂಟು, ಆಮೇಲೆ ಹದಿನಾರಾಯಿತು. ಅದರಲ್ಲೂ ಎಷ್ಟೋ ಮೊದಲೇ ಬುಕ್ಕಾಗಿರುತ್ತಿದ್ದವು. ಮೌಸ್, ಮೋಡೆಮ್ ಜೋಡಿಸುವ ಜಾಗಗಳಿಗೆ ಕಾಮ್ ಅಂತ ಹೆಸರು. ಕಾಮ್ ಒಂದು ಮತ್ತು ಕಾಮ್ ಮೂರು ಎರಡಕ್ಕೂ ನಾಲ್ಕನೇ ನಂಬರಿನ ಗಂಟೆಯೇ. ಮೇಷ್ಟ್ರ ಮೌಸ್ ಕಾಮ್ ಒಂದರಲ್ಲಿತ್ತು. ಮೋಡೆಮ್ ಕಾರ್ಡನ್ನು ಯಾರೋ ಕಾಮ್ ಮೂರಕ್ಕೆ ಕೂರಿಸಿ ಹೋಗಿದ್ದರು. ಹೋಟೆಲ್ಲಿನಲ್ಲಿ ಎರಡು ಟೇಬಲ್ಲಿಗೆ ಒಂದೇ ನಂಬರ್ ಕೊಟ್ಟರೆ ಏನಾಗ್ತದೆ? ಒಬ್ಬರ ಮಸಾಲೆದೋಸೆ ಇನ್ನೊಬ್ಬರ ಎದುರು ಬಂದು ಕೂರ್ತದೆ, ಅಲ್ವಾ? ಅದೇ ಆಗಿತ್ತು.

ನಾನು ಮಾಡಿದ್ದು ಇಷ್ಟೇ: ಬೇರೆ ಗಂಟೆಯ, ಖಾಲಿ ಇದ್ದ ಎರಡನೇ ನಂಬರಿನ ಕಾಮ್ ಬಂದ್ ಮಾಡಿ, ಜಂಪರ್ ಬದಲಿಸಿ, ಮೋಡೆಮ್‌ಗೆ ಆ ಜಾಗ ಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿ ನೋಡ್ತಾ ಇದ್ದರು. "ಇದನ್ನು ಪುಸ್ತಕದಲ್ಲಿ ಬರೆದಿಲ್ವೇನಪ್ಪ?" "ಬರೆದಿದ್ದಾರೆ ಸರ್, ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟೇಬಲ್ ಇದೆ." ಅವರು ಅದನ್ನು ಓದಿ, ಮಡಚಿಟ್ಟು, "ನಾನು ಹೀಗೆ ಪಾಠ ಮಾಡಿದ್ದರೆ ಒಬ್ಬ ಹುಡುಗನೂ ಪಾಸಾಗ್ತಿರಲಿಲ್ಲ" ಅಂದರು.

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ನಾಲ್ಕನೇ ಗಂಟೆಯ ವಿಷಯ ಮೇಷ್ಟ್ರಿಗೆ ಯಾಕೆ ಗೊತ್ತಿರಬೇಕಿತ್ತು? ಮೋಡೆಮ್ ಮಾಡಿದವರಿಗೆ ಗೊತ್ತಿತ್ತು, ಕಂಪ್ಯೂಟರ್ ಮಾಡಿದವರಿಗೆ ಗೊತ್ತಿತ್ತು. ಇಬ್ಬರೂ ಸೇರಿ ದುಡ್ಡು ಕೊಟ್ಟವನ ತಲೆಗೆ ಕಟ್ಟಿದರು.

ಇದನ್ನು ಬಿಡಿಸೋ ಪ್ರಯತ್ನ ಆಗಲೇ ನಡೆದಿತ್ತು. 1995ರಲ್ಲಿ ವಿಂಡೋಸ್ 95 ಜತೆ ಪ್ಲಗ್ ಅಂಡ್ ಪ್ಲೇ ಬಂತು. ಜೋಡಿಸಿ, ಬಳಸಿ. ನಮ್ಮ ಲೈನಿನವರು ಅದನ್ನು ಪ್ಲಗ್ ಅಂಡ್ ಪ್ರೇ ಅಂತಿದ್ದರು. ಜೋಡಿಸಿ, ದೇವರಿಗೆ ಕೈಮುಗಿಯಿರಿ. ಹೊಸ ಕಾರ್ಡು ತನ್ನ ನಂಬರ್ ಬದಲಿಸಿಕೊಳ್ಳೋಕೆ ತಯಾರಿತ್ತು, ಆದರೆ ಪಕ್ಕದಲ್ಲೇ ಜಂಪರ್ ಹಾಕಿಕೊಂಡ ಹಳೇ ಕಾರ್ಡು ಜಗ್ಗದೆ ಕೂತಿರುತ್ತಿತ್ತು. ಲೋಕಲ್ ಟ್ರೇನಿನಲ್ಲಿ "ಸ್ವಲ್ಪ ಸರಕೊಳ್ಳಿ" ಅಂದರೆ ಕೇಳಿಸದವರ ಹಾಗೆ ಕೂರ್ತಾರಲ್ಲ, ಹಾಗೆ.

ಆಮೇಲೆ 1996ರಲ್ಲಿ ಯುಎಸ್‌ಬಿ. ಇಂಟೆಲ್‌ನಲ್ಲಿ ಇದರ ಹಿಂದೆ ಇದ್ದವರಲ್ಲಿ ಮುಖ್ಯರು ಅಜಯ್ ಭಟ್. ಬರೋಡಾದ ಎಂ.ಎಸ್. ಯೂನಿವರ್ಸಿಟಿಯಲ್ಲಿ ಓದಿದವರು. ಮನೆಯಲ್ಲಿ ಹೆಂಡತಿ ಪ್ರಿಂಟರ್ ಜತೆ ಒದ್ದಾಡಿದ್ದನ್ನು ಕಂಡದ್ದೂ ಇದಕ್ಕೆ ಒಂದು ಕಾರಣ ಅಂತ ಅವರೇ ಹೇಳಿಕೊಂಡಿದ್ದಾರೆ. ಪ್ರಪಂಚದ ಎಲ್ಲ ಮನೆಯಲ್ಲೂ ಪ್ರಿಂಟರೇ ವಿಲನ್ ಅನ್ನೋದು ನನಗೆ ಸಮಾಧಾನದ ವಿಷಯ.

ನಿಮ್ಮ ಹತ್ತಿರ ಪೆನ್‌ಡ್ರೈವ್ ಇದ್ದರೆ ಹೊರಗೆ ತೆಗೆದು ಅದರ ಬಾಯಿ ನೋಡಿ. ಹಳೇ ಚೌಕಾಕಾರದ್ದಾದರೆ ಒಳಗೆ ನಾಲ್ಕು ಬಂಗಾರದ ಬಣ್ಣದ ಪಟ್ಟಿ ಕಾಣ್ತವೆ. ಕಂಡ್ವಾ? ಆಚೆ ಈಚೆ ತುದಿಯಲ್ಲಿರುವ ಎರಡು ಸ್ವಲ್ಪ ಉದ್ದ, ನಡುವಿನ ಎರಡು ಗಿಡ್ಡ. ಅದು ಅಂದಕ್ಕೆ ಮಾಡಿದ್ದಲ್ಲ. ಉದ್ದದ ಎರಡರಲ್ಲಿ ಕರೆಂಟು ಬರ್ತದೆ. ಒಳಗೆ ತಳ್ಳುವಾಗ ಮೊದಲು ಕರೆಂಟು ತಾಗಬೇಕು, ಆಮೇಲೆ ಮಾತುಕತೆ. ನೀವು ಅವಸರದಲ್ಲಿ ತುರುಕಿದರೂ ಆ ಕ್ರಮ ತಪ್ಪೋದಿಲ್ಲ. ಜೋಡಿಸುವವನಿಗೆ ಏನೂ ಗೊತ್ತಿಲ್ಲದಿದ್ದರೂ ನಡೀಬೇಕು ಅಂತ ಯೋಚಿಸಿ ಮಾಡಿದ್ದು. ನನಗೆ ಈ ಎರಡು ಪಟ್ಟಿ ಕಂಡರೆ ಬಹಳ ಪ್ರೀತಿ.

ಕರೆಂಟು ತಾಗಿದ ಮೇಲೆ ಪೆನ್‌ಡ್ರೈವ್ ಗಿಡ್ಡ ತಂತಿಗಳಲ್ಲಿ ಒಂದನ್ನು ಸ್ವಲ್ಪ ಎಳೆದು ಹಿಡೀತದೆ. ಯಾರೋ ಬಂದರು ಅಂತ ಕಂಪ್ಯೂಟರ್‌ಗೆ ಗೊತ್ತಾಗ್ತದೆ. ನೀನ್ಯಾರು ಅಂತ ಕೇಳ್ತದೆ. ಅದು ತನ್ನ ಕಂಪನಿಯ ನಂಬರ್, ಮಾಡೆಲ್ ನಂಬರ್, ಯಾವ ವರ್ಗದವನು ಅನ್ನೋದನ್ನೆಲ್ಲ ಒಪ್ಪಿಸ್ತದೆ. ಮೌಸ್, ಕೀಬೋರ್ಡ್‌ನ ವರ್ಗ 3. ಪೆನ್‌ಡ್ರೈವ್‌ನದ್ದು 8. ಯಾವ ಕಂಪನಿಯ ಮೌಸ್ ತಂದರೂ ಅದು 3 ಅಂದರೆ ಸಾಕು, ಬೇರೆ ಸಿ.ಡಿ. ಬೇಡ. ಹೀಗೆ ಒಂದೇ ತೂತಿನಿಂದ ಕವಲೊಡೆಸಿ 127 ಸಾಮಾನು ಜೋಡಿಸಬಹುದು. ನಾನು ಹನ್ನೊಂದರ ಮೇಲೆ ಹೋಗಿಲ್ಲ.

ಶುರುವಿನಲ್ಲಿ ಎಡವಟ್ಟುಗಳೂ ಆದವು. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿಕೊಂಡು ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿ ತೋರಿಸೋಕೆ ಹೋದರು. ಕಂಪ್ಯೂಟರ್ ಕೈಕೊಟ್ಟು ಪರದೆ ಪೂರ್ತಿ ನೀಲಿ. ಗೇಟ್ಸ್ ನಕ್ಕು, ಅದಕ್ಕೇ ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಅನ್ನೋ ಅರ್ಥದಲ್ಲಿ ಏನೋ ಹೇಳಿ ಪಾರಾದರು. ನಾನು ಗಿರಾಕಿ ಎದುರು ಹಾಗೆ ಹೇಳಿ ಪಾರಾಗೋಕೆ ಆಗುತ್ತಿರಲಿಲ್ಲ.

ಮತ್ತೆ, ಯುಎಸ್‌ಬಿ ಒಂದೇ ಸಲಕ್ಕೆ ಯಾಕೆ ಒಳಗೆ ಹೋಗೋದಿಲ್ಲ ಅಂತ ಕೇಳ್ತೀರಿ. ಹೀಗೆ ಹಾಕಿದರೆ ಹೋಗೋದಿಲ್ಲ, ತಿರುಗಿಸಿದರೆ ಹೋಗೋದಿಲ್ಲ, ಮತ್ತೆ ಮೊದಲಿನಂತೆ ಹಾಕಿದರೆ ಹೋಗ್ತದೆ. ಎರಡೂ ಕಡೆ ಹೋಗುವಂತೆ ಮಾಡಿದ್ದರೆ ತಂತಿ ಜಾಸ್ತಿ, ಖರ್ಚು ಜಾಸ್ತಿ, ಕಂಪನಿಗಳು ಒಪ್ಪುತ್ತಿರಲಿಲ್ಲ ಅಂತ ಭಟ್ ಅವರೇ ಹೇಳಿದ್ದಾರೆ. ಅದಕ್ಕೆ 2014ರ ತನಕ, ಟೈಪ್ ಸಿ ಬರೋ ತನಕ, ಕಾಯಬೇಕಾಯಿತು. ಈಗ ಅದರದ್ದು ಬೇರೆಯೇ ತಕರಾರು. ಬಾಯಿ ಎಲ್ಲದಕ್ಕೂ ಒಂದೇ, ಒಳಗಿನ ಯೋಗ್ಯತೆ ಬೇರೆ ಬೇರೆ. ಒಂದು ವೈರು ಚಾರ್ಜ್ ಮಾತ್ರ ಮಾಡ್ತದೆ, ಇನ್ನೊಂದು ಟಿವಿಗೂ ಚಿತ್ರ ಕಳಿಸ್ತದೆ. ಎಷ್ಟೋ ವೈರುಗಳ ಮೈಮೇಲೆ ಏನೂ ಬರೆದಿರೋದಿಲ್ಲ.

ಸರಿ, ಪ್ರಿಂಟರ್‌ಗೆ ಬರೋಣ. ಪ್ರಿಂಟರ್‌ಗೂ ವರ್ಗ ಇದೆ, 7. ಹಾಗಾದರೆ ಮೌಸ್‌ನಂತೆ ಸುಮ್ನೆ ಕೂತುಕೊಳ್ಳಬೇಕಲ್ಲ? ಇಲ್ಲ. ಆ 7 ಹೇಳೋದು ಕಾಗದದ ವಿಷಯವನ್ನು ಪ್ರಿಂಟರ್ ಬಾಗಿಲಿಗೆ ಮುಟ್ಟಿಸೋದು ಹೇಗೆ ಅಂತ ಮಾತ್ರ. ಒಳಗಿರುವವನು ಯಾವ ಭಾಷೆ ಮಾತಾಡ್ತಾನೆ ಅಂತ ಹೇಳೋದಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಭಾಷೆ. ಪೋಸ್ಟ್‌ಮ್ಯಾನ್ ಸರಿಯಾದ ಮನೆಗೇ ಬಂದ, ಪತ್ರ ಮಾತ್ರ ಆ ಮನೆಯವರಿಗೆ ಬಾರದ ಲಿಪಿಯಲ್ಲಿದೆ. ಓದಿ ಹೇಳೋಕೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್ ಅನ್ನೋ ಸಾಫ್ಟ್‌ವೇರ್.

ಮಾಟುಂಗಾದ ಒಂದು ಹೋಟೆಲ್. ನಮ್ಮ ಕುಂದಾಪುರ ಕಡೆಯವರದ್ದೇ. ಮಧ್ಯಾಹ್ನ ಒಂದು ಗಂಟೆಗೆ ಫೋನ್. ಬಿಲ್ ಬರ್ತಾ ಇಲ್ಲ, ಗಲ್ಲಾ ಎದುರು ಜನ ನಿಂತಿದ್ದಾರೆ, ಕ್ಯಾಷಿಯರ್ ಕೈಯಲ್ಲಿ ಬಿಲ್ ಬರೀತಾ ಇದ್ದಾನೆ. ಹೋದೆ. ಪ್ರಿಂಟರ್‌ನಲ್ಲಿ ಹಸಿರು ದೀಪ, ಕಾಗದದ ರೋಲು ಇದೆ, ವೈರು ಇದೆ. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಪಟ್ಟಿ ತೆಗೆದರೆ ಅದೇ ಹೆಸರಿನದ್ದು ಎರಡು. ಒಂದರ ಮುಂದೆ ಕಾಪಿ 1 ಅಂತ. ಆಗ ಗೊತ್ತಾಯಿತು. ಬೆಳಿಗ್ಗೆ ಹುಡುಗ ನೆಲ ಒರೆಸುವಾಗ ಕಂಪ್ಯೂಟರ್ ಎಳೆದು, ಕಳಚಿಕೊಂಡ ವೈರನ್ನು ಪಕ್ಕದ ತೂತಿಗೆ ಹಾಕಿದ್ದ. ಪ್ರಾಮಾಣಿಕ ಹುಡುಗ, ಹಾಕದೆ ಬಿಟ್ಟಿರಲಿಲ್ಲ.

ವೈರನ್ನು ಮೊದಲಿನ ತೂತಿಗೆ ಹಾಕಿದೆ. ಹಾಕಿದ್ದೇ ತಡ, ಕ್ಯಾಷಿಯರ್ ಅಷ್ಟು ಹೊತ್ತು ಒತ್ತಿದ್ದ ಬಿಲ್ಲೆಲ್ಲ ಒಂದರ ಹಿಂದೆ ಒಂದು ಬರೋಕೆ ಶುರುವಾಯಿತು. ಇಡ್ಲಿ ವಡೆ, ಇಡ್ಲಿ ವಡೆ, ಇಡ್ಲಿ ವಡೆ. ಒಂದೇ ಬಿಲ್ ಒಂಬತ್ತು ಸಲ. ಕಾಗದ ಮೇಜಿನಿಂದ ಇಳಿದು ನೆಲ ಮುಟ್ಟಿತು. ಯಜಮಾನರು ಸೊಂಟದ ಮೇಲೆ ಕೈಯಿಟ್ಟು, "ಎಂಥ ಮಾರಾಯ್ರೆ, ತೂತು ಬದಲಾದ್ರೆ ಇದಕ್ಕೆ ಗುರ್ತವೇ ಸಿಕ್ಕುದಿಲ್ವಾ?" ಅಂದರು.

ಸರಿಯಾದ ಪ್ರಶ್ನೆ. ಪ್ರತಿ ಸಾಮಾನಿಗೂ ತನ್ನದೇ ಸೀರಿಯಲ್ ನಂಬರ್ ಹೇಳಿಕೊಳ್ಳೋಕೆ ಯುಎಸ್‌ಬಿಯಲ್ಲಿ ಜಾಗ ಇದೆ. ಅಗ್ಗದ ಸಾಮಾನು ಮಾಡುವವರು ಅದನ್ನು ಖಾಲಿ ಬಿಡ್ತಾರೆ. ಒಂದೊಂದಕ್ಕೂ ಬೇರೆ ನಂಬರ್ ಹಾಕೋದು ಫ್ಯಾಕ್ಟರಿಯಲ್ಲಿ ಒಂದು ಕೆಲಸ ಜಾಸ್ತಿ. ಸೀರಿಯಲ್ ನಂಬರ್ ಇಲ್ಲದಿದ್ದರೆ ಕಂಪ್ಯೂಟರ್ ಸಾಮಾನನ್ನು ಗುರುತಿಸೋದು ಅದು ಕೂತ ತೂತಿನಿಂದ. ತೂತು ಬದಲಾದರೆ, ಓ, ಇವನು ಹೊಸಬ ಅಂತ ಇನ್ನೊಂದು ಪ್ರಿಂಟರ್ ಸೇರಿಸಿಕೊಳ್ತದೆ. ಬಿಲ್ಲುಗಳು ಹಳೇ ಹೆಸರಿಗೇ ಹೋಗಿ ಸರದಿಯಲ್ಲಿ ನಿಂತಿರ್ತವೆ. ಫ್ಯಾಕ್ಟರಿಯಲ್ಲಿ ಉಳಿಸಿದ ಆ ನಾಲ್ಕು ಕಾಸಿನ ಖರ್ಚು ಮಾಟುಂಗಾದ ಗಲ್ಲಾದಲ್ಲಿ ಬಂತು.

ನಾನು ಪಕ್ಕದ ಅಂಗಡಿಯಿಂದ ಕೆಂಪು ನೈಲ್‌ಪಾಲಿಶ್ ತರಿಸಿ ತೂತಿನ ಪಕ್ಕ ಒಂದು ಚುಕ್ಕಿ, ವೈರಿನ ತುದಿಗೆ ಒಂದು ಚುಕ್ಕಿ ಇಟ್ಟೆ. ಹುಡುಗನಿಗೆ ಹೇಳಿದೆ, ಕೆಂಪಿಗೆ ಕೆಂಪು. ಆಮೇಲೆ ಆ ಕಾರಣಕ್ಕೆ ಫೋನ್ ಬಂದಿಲ್ಲ. ಇದು ನನ್ನ ಬುದ್ಧಿಯೇನೂ ಅಲ್ಲ. ನೆನಪಿದೆಯಾ, ಹಳೇ ಕಂಪ್ಯೂಟರ್ ಹಿಂದೆ ಎರಡು ದುಂಡನೆಯ ತೂತು, ಒಂದೇ ಅಳತೆ? 1987ರಲ್ಲಿ ಐಬಿಎಂ ತಂದದ್ದು. ಕೀಬೋರ್ಡ್ ಯಾವುದಕ್ಕೆ, ಮೌಸ್ ಯಾವುದಕ್ಕೆ ಅಂತ ಜನ ವರ್ಷಗಟ್ಟಲೆ ತಪ್ಪು ಮಾಡಿದರು. ಸುಮಾರು ಹತ್ತು ವರ್ಷದ ಮೇಲೆ ಕೀಬೋರ್ಡ್‌ಗೆ ನೇರಳೆ, ಮೌಸ್‌ಗೆ ಹಸಿರು ಬಣ್ಣ ಬಂತು. ಆ ಎರಡು ಬಣ್ಣ ನನ್ನ ಸಂಪಾದನೆ ಕಡಿಮೆ ಮಾಡಿದವು. ಬೇಜಾರಿಲ್ಲ.

ಈಗಿನ ವೈಫೈ ಪ್ರಿಂಟರ್‌ಗಳದ್ದು ನನಗೆ ನಿಜವಾಗಿ ಸಿಟ್ಟು ಬರಿಸುವ ಕಥೆ. ಡೊಂಬಿವಿಲಿಯಲ್ಲಿ ಒಬ್ಬರು ಅಕ್ಕ, ಭಜನಾ ಮಂಡಳಿಯವರು. ಹಾಡುಗಳನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೀಬೇಕು ಅಂತ ಮಗಳು ಕೊಡಿಸಿದ ಪ್ರಿಂಟರ್. ಪೆಟ್ಟಿಗೆಯಲ್ಲಿ ಒಂದು ಸಿ.ಡಿ. ಇತ್ತು, ಅವರ ಲ್ಯಾಪ್‌ಟಾಪ್‌ನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಫೋನಿನಲ್ಲಿ ಆ್ಯಪ್ ಹಾಕಿದರೆ ಮೊದಲು ಖಾತೆ ತೆರೆಯಿರಿ ಅಂತು. ಇಮೇಲ್ ಕೇಳಿತು. ಕೊನೆಗೆ ಪ್ರಿಂಟರ್ ಸಿಗಲಿಲ್ಲ ಅಂತು. ಅದು ಎದುರಿಗೇ, ಟೀಪಾಯಿ ಮೇಲೇ ಇತ್ತು!

ನಾನೂ ಒಂದೂವರೆ ಗಂಟೆ ದಾರಿ ತಪ್ಪಿದೆ. ವೈಫೈಗೂ ರೇಡಿಯೋ ಸ್ಟೇಷನ್‌ಗಳ ಹಾಗೆ ಬೇರೆ ಬೇರೆ ತರಂಗ ಇವೆ. ಆಮೇಲೆ ನೋಡಿದರೆ ಫೋನ್ ಇದ್ದದ್ದು ವೈಫೈನ 5 ಗಿಗಾಹರ್ಟ್ಸ್‌ನಲ್ಲಿ, ಪ್ರಿಂಟರ್‌ಗೆ ಕೇಳಿಸೋದು 2.4 ಮಾತ್ರ. ಪೆಟ್ಟಿಗೆಯ ಅಡಿಯಲ್ಲಿ ಬಿ, ಜಿ, ಎನ್ ಅಂತ ಮೂರಕ್ಷರದಲ್ಲಿ ಅದನ್ನು ತಿಳಿಸಿದ್ದರು. ಅಕ್ಕನ ಒಂದು ಮಾತು ಮಾತ್ರ ನನಗೆ ಚುಚ್ಚಿತು. "ನಾನೇ ಏನೋ ತಪ್ಪು ಒತ್ತಿದೆ ಅಂತ ಕಾಣ್ತದೆ, ನಿಮಗೆ ಸುಮ್ನೆ ತೊಂದರೆ." ಮೂವತ್ತು ವರ್ಷದಲ್ಲಿ ಈ ಮಾತು ಎಷ್ಟು ಮನೆಯಲ್ಲಿ ಕೇಳಿದ್ದೇನೋ. ಅವರು ಏನೂ ತಪ್ಪು ಒತ್ತಿರಲಿಲ್ಲ. ಇಮೇಲ್ ಕೇಳೋಕೆ ಬಂದ ಆ್ಯಪ್‌ಗೆ "ನಿಮ್ಮ ಫೋನ್ ಬೇರೆ ವೈಫೈನಲ್ಲಿದೆ, ಬದಲಿಸಿ" ಅಂತ ಒಂದು ಸಾಲು ಹೇಳೋಕೆ ಬರಲಿಲ್ಲ.

ಕಂಪ್ಯೂಟರ್‌ಗಳ ಭಾಷೆಯೇ ಹಾಗೆ. "ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್" ಅಂತ ಬರ್ತದೆ. ನಾನು ಬರೆದಿದ್ದರೆ ಹೀಗೆ ಬರೀತಿದ್ದೆ: "ನೀನ್ಯಾರು ಅಂತ ಕೇಳಿದೆ, ಉತ್ತರ ಬರಲಿಲ್ಲ. ವೈರ್ ತೆಗೆದು ಇನ್ನೊಮ್ಮೆ ಹಾಕಿ. ಆಗದಿದ್ದರೆ ಬೇರೆ ವೈರ್ ನೋಡಿ." ಕನ್ನಡದಲ್ಲೇ ಬರೆಯಬಹುದು, ಜಾಗವೂ ಹಿಡಿಸ್ತದೆ.

ದಾರಿ ಇಲ್ಲ ಅಂತಲ್ಲ. 2010ರಲ್ಲಿ ಆ್ಯಪಲ್ ಏರ್‌ಪ್ರಿಂಟ್ ತಂದಿತು. 2013ರಲ್ಲಿ ಕೆಲವು ಪ್ರಿಂಟರ್ ಕಂಪನಿಗಳು ಸೇರಿ ಮೊಪ್ರಿಯಾ ಅಂತ ಒಕ್ಕೂಟ ಮಾಡಿಕೊಂಡವು. ಪ್ರಿಂಟರ್‌ಗಳೆಲ್ಲ ಒಂದೇ ಭಾಷೆ ಕಲಿತರೆ ದುಭಾಷಿ ಬೇಡ ಅನ್ನೋದು ಇವುಗಳ ಲೆಕ್ಕ. ಬೇರೆ ಬೇರೆ ಕಂಪನಿಯ ಡ್ರೈವರ್‌ಗಳಿಂದ ಹಂತಹಂತವಾಗಿ ದೂರ ಸರಿಯೋದಾಗಿ 2023ರಲ್ಲಿ ಮೈಕ್ರೋಸಾಫ್ಟ್ ಕೂಡ ಹೇಳಿದೆ. ಹಾಗಾಗಿ ಹೊಸ ಪ್ರಿಂಟರ್ ಕೊಳ್ಳುವಾಗ ಇಂಕಿನ ಬೆಲೆ ಕೇಳಿದ ಹಾಗೇ, ಪೆಟ್ಟಿಗೆ ಮೇಲೆ ಈ ಎರಡರಲ್ಲಿ ಒಂದಾದರೂ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ವಾಪಸ್ ಇಡಿ. ಅಂಗಡಿಯವನು ಕೈಯಾಡಿಸಿ "ಎಲ್ಲ ಆಗ್ತದೆ ಸರ್" ಅಂದರೆ ಇನ್ನೂ ಸ್ವಲ್ಪ ದೂರ ಇಡಿ. ನಾನೂ ಅಂಗಡಿಯಲ್ಲಿ ನಿಂತು ಅದೇ ಮಾತು ಹೇಳಿದ್ದೇನೆ, ನನಗೆ ಗೊತ್ತು.

ಹೊರಗೆ ಚಹಾ ತಯಾರಾಗಿದೆಯಂತೆ. ಮೆಟ್ಟಿಲ ಹತ್ತಿರ ಸಿಕ್ಕಿದ ಇಬ್ಬರೂ ಅಲ್ಲಿಗೇ ಬನ್ನಿ. ವೆಬ್‌ಕ್ಯಾಮ್‌ನವರು ಮೊದಲು, ನಿಮ್ಮದು ಐದು ನಿಮಿಷದ ಕೆಲಸ. ಪ್ರಿಂಟರ್‌ನವರು ಮನೆಗೆ ಫೋನ್ ಮಾಡಿ, ಅದರ ಬೆನ್ನಿನ ಮೇಲಿನ ಚೀಟಿಯ ಫೋಟೋ ತರಿಸಿಟ್ಟಿರಿ.